ಒಳತೊಡೆಯ ದಾರಿ

ಕಬ್ಬಿನ ಟ್ರ್ಯಾಕ್ಟರ್ ಬಡಿದು ನಾಯಿ ಕೆಂಚಿಯ ಹಿಂಗಾಲು ಜೋತುಬಿದ್ದ ದಿನ ಕುರಿಗಾಹಿ ಗೂಳಪ್ಪ ಯಾರನ್ನೂ ಕೇಳಲಿಲ್ಲ. ಅವನಪ್ಪ ಮಾಡುತ್ತಿದ್ದುದನ್ನೇ ಮಾಡಿದ. ಕುಡಗೋಲು ಕಾಸಿ ನಾಯಿಯ ಸೊಂಟದ ಚಪ್ಪೆಯ ಮೇಲೆ ಮೂರು ಬರೆ ಎಳೆದ. ಕುಂಟುವ ಕುರಿಗೆ, ಉಳುಕಿದ ಎತ್ತಿಗೆ ಅರವತ್ತು ವರ್ಷಗಳಿಂದ ಅವನು ಕಂಡ ಮದ್ದು ಅದೊಂದೇ.

ನೂರಿಪ್ಪತ್ತು ಕುರಿಗಳನ್ನು ಒಬ್ಬಳೇ ಸುತ್ತುಗಟ್ಟಿ ತರುತ್ತಿದ್ದ ನಾಯಿ ಅದು. ಎಂಟು ದಿನವಾದರೂ ಕಾಲೂರಲಿಲ್ಲ. ಬರೆ ಕೀವಾಯಿತು.

"ಕುಂಟ ನಾಯಿಗೆ ರೊಟ್ಟಿ ದಂಡ, ಮಾವ. ಬ್ಯಾರೆ ಮರಿ ತರೂಣು," ಎಂದ ಬೀರೇಶ. ಅಕ್ಕನ ಮಗ, ಮೇಲಾಗಿ ಮಗಳ ಗಂಡ.

"ನಿನ್ನ ಕಾಲು ಮುರದ್ರ ನನ್ನ ಮಗಳಿಗೂ ಬ್ಯಾರೆ ಗಂಡನ್ನ ತರ್ಲೇನಲೇ?"

ಅಷ್ಟಂದು ಗೂಳಪ್ಪ ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಕಲಘಟಗಿಯ ದನದ ದವಾಖಾನೆಗೆ ಹೊತ್ತೊಯ್ದ. ಅಲ್ಲಿಯ ಡಾಕ್ಟರು ಮಹಾನಂದಾ, ಹುಬ್ಬಳ್ಳಿಯಲ್ಲಿ ಎಕ್ಸ್-ರೇ ತೆಗೆಸಿ ತರಿಸಿ, ಬೆಳಕಿಗೆ ಹಿಡಿದು ನೋಡಿದರು.

"ತೊಡಿ ಎಲುಬಿನ ತುದಿಯ ಗುಂಡು ಚೂರಾಗೇತ್ರಿ, ಕಾಕಾ. ತಗೀಬೇಕು."

"ಗುಂಡ ತಗದ್ರ ಕಾಲು ಎದರ ಮ್ಯಾಲ ನಿಲ್ತೈತ್ರಿ?"

"ಸುತ್ತಲಿನ ಮಾಂಸಖಂಡ ಹಿಡಿತೈತ್ರಿ. ಅದು ಗಟ್ಟಿ ಉಳೀಬೇಕಷ್ಟ." ಆಮೇಲೆ ಅವರ ಬೆರಳು ಬರೆಯ ಹತ್ತಿರ ನಿಂತಿತು. "ಇಲ್ಲಿ ಸುಟ್ಟವರ್ಯಾರು? ನಾವು ಕೊಯ್ಯೂದು ಇದ ಜಾಗಾದಾಗ. ಈ ಕೀವಿನಾಗ ಕತ್ತಿ ಹಾಕಿದ್ರ ನಂಜು ಒಳಗಿಳಿತೈತಿ. ವಾಸಿ ಆಗೂತನ ಕಾದ್ರ ಕಾಲು ಸಣಕಲಾಗತೈತಿ."

"ನಾನ್ರಿ," ಎಂದ ಗೂಳಪ್ಪ. ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾಯಿಯನ್ನು ಕೆಡಿಸಿದ್ದು ಟ್ರ್ಯಾಕ್ಟರ್ ಅಲ್ಲ, ತಾನು.

ಡಾಕ್ಟರು ಬೈಯಲಿಲ್ಲ. ಕೆಂಚಿಯನ್ನು ಮೆಲ್ಲಗೆ ಅಂಗಾತ ಹೊರಳಿಸಿ, ಒಳತೊಡೆಯ ಸಂದಿನಲ್ಲಿ ಹೆಬ್ಬೆರಳೊತ್ತಿ ಕೀಲು ಹುಡುಕಿದರು.

"ಬರಿ ಬಿಟ್ಟು ಹಿತ್ತಲ ಬಾಗಲದಿಂದ, ಈ ಒಳತೊಡಿಯಿಂದ ಹೋಗೂಣು. ಮೂರು ಬೆರಳಗಲ ಕೊಯ್ದ್ರ ಸಾಕು. ನೀವು ಕುರಿಯೊಳಗ ಉಣ್ಣಿ ಹುಡುಕೂ ಮುಂದ ಕೂದಲು ಕತ್ತರಸ್ತೀರೇನು?"

"ಇಲ್ರಿ, ಎರಡೂ ಕಡೆ ಸರಸ್ತೀವಿ."

"ಹಂಗ. ಮಾಂಸ ಸರಸೂದು, ಕಡಿಯೂದಲ್ಲ. ನಾ ಇದನ್ನ ಕಲತೀನಿ ಖರೆ, ಈ ಊರಾಗ ಇದ ಮೊದಲನೇದು."

"ಮಾಡ್ರಿ ಅವ್ವಾರ," ಎಂದ ಗೂಳಪ್ಪ.

ನಾಲ್ಕು ದಿನ ಕೀವಿಗೆ ಔಷಧ ಕೊಟ್ಟು, ಐದನೆಯ ದಿನ ಒಳಗೊಯ್ದರು. ಗೂಳಪ್ಪ ಹೊರಗೆ ಹೊಸ್ತಿಲ ಬಾಜು ಕೂತ. ಊಟಕ್ಕೆಂದು ಹೋದ ಕಂಪೌಂಡರ್ ಉಂಡು ತಿರುಗಿ ಬಂದರೂ ಬಾಗಿಲು ಮುಚ್ಚಿಯೇ ಇತ್ತು. ಕೊನೆಗೆ ಡಾಕ್ಟರು ಬಂದು ಅಂಗೈ ಚಾಚಿದರು. ಅದರಲ್ಲಿ ಹುಣಸೆಬೀಜದಂಥ ಎಲುಬಿನ ಮೂರು ಚೂರು. ಕೆಂಚಿಯ ತೊಡೆಯಲ್ಲಿ ಐದೇ ಹೊಲಿಗೆ.

"ಮಲಗಸಬ್ಯಾಡ್ರಿ. ಹಗ್ಗಾ ಹಿಡದು ದಿನಾ ಸಾವಕಾಶ ನಡಸ್ರಿ. ನಡದ್ರನ ಮಾಂಸ ಗಟ್ಟಿ."

ನಡೆಸುವುದನ್ನು ಗೂಳಪ್ಪನಿಗೆ ಯಾರು ಕಲಿಸಬೇಕು! ಆರನೆಯ ದಿನ ಕೆಂಚಿಯ ಕಾಲ್ಬೆರಳು ನೆಲ ಮುಟ್ಟಿತು, ಇಪ್ಪತ್ತಕ್ಕೆ ಅಂಗಾಲು. ಎರಡು ತಿಂಗಳಿಗೆ ಡಾಕ್ಟರು ಹಗ್ಗ ಬಿಚ್ಚಿರಿ ಎಂದರು. ಬಿಚ್ಚಲು ಗೂಳಪ್ಪನ ಕೈ ಏಳಲಿಲ್ಲ. ಒಂದು ಸಲ ದುಡುಕಿ ಕೆಡಿಸಿದವನು, ಮತ್ತೊಂದು ವಾರ ಹಾಗೇ ಹಿಡಿದು ತಿರುಗಿದ.

ಎಂಟನೆಯ ದಿನ ಒಂದು ಟಗರು ಕಬ್ಬಿಗೆ ನುಗ್ಗಿತು. ಅದರ ಹಿಂದೆ ಅರ್ಧ ಹಿಂಡು. ಬೀರೇಶ ಕಾಲುವೆಯ ಆ ದಂಡೆಯಿಂದ ಕೂಗಿಕೊಂಡ. ಹಗ್ಗ ಗೂಳಪ್ಪನ ಅಂಗೈಯಲ್ಲಿ ಬಿಗಿಯಿತು. ಕೆಂಚಿ ತಿರುಗಿ ಅವನ ಮುಖ ನೋಡಿದಳು.

ಅವನು ಗಂಟು ಬಿಚ್ಚಿದ.

ಕೆಂಪನೆಯದೊಂದು ಗೆರೆ ಹೊಲದ ಮೇಲೆ ಹರಿಯಿತು. ಕಾಲುವೆ ಹಾರಿತು, ಕಬ್ಬಿನ ಅಂಚು ಸುತ್ತಿತು. ಟಗರು ಹಿಂದೆ ಸರಿಯಿತು, ಕುರಿಗಳೆಲ್ಲ ಹೊರಗೆ ಉರುಳಿ ಬಂದವು.

"ಬೀರ್ಯಾ!" ಗೂಳಪ್ಪ ಬದುವಿನ ಮೇಲೆ ಹತ್ತಿ ನಿಂತು ಕೂಗಿದ. "ಕಾಲು ಎಣಸಲೇ! ನಾಕೂ ಅದಾವಿಲ್ಲೋ ಎಣಸು!"

"ಓಡೂ ಕಾಲು ಹ್ಯಾಂಗ ಎಣಸ್ಲಿ, ಮಾವ? ಮೊದಲ ಅಕಿನ್ನ ನಿಲ್ಲಸು!"