ಮೆದೆಯೊಳಗಿನ ಗೂಡು

ಹಾರೆ ಮತ್ತೆ ಜಾರಿ ಲಿಂಗಯ್ಯನ ಮೊಣಕಾಲಿಗೆ ಬಡಿಯಿತು. ಅವನು ಮೊಣಕಾಲು ಉಜ್ಜಿಕೊಳ್ಳುತ್ತ ಹಿಂದೆ ಸರಿದು ಗೂಡಿನ ಬಾಗಿಲಿಗೆ ಕ್ಯಾಕರಿಸಿ ಉಗಿದ.

"ಇಷ್ಟು ಬೆಂದ್ರೂವೆ ಬುಟ್ಕೊಡ್ತಾ ಇಲ್ವಲ್ಲ ಇದು," ಅಂದ.

ತಗಡಿನ ಗೂಡಿನೊಳಗೆ ಮರಿಸಿದ್ದಯ್ಯನ ಹೆಣವಿತ್ತು. ಹಿಂದಿನ ದಿನ ಮುಸ್ಸಂಜೆ ಗೂಡು ಮುಚ್ಚಿದ್ದ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ಅವನು ರಾಗಿ ಕಾಯುತ್ತ ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಿದ್ದ. ಮೆದೆ ಬೂದಿಯಾಗಿ ತಗಡು ಆರುವ ತನಕ ಯಾರೂ ಹತ್ತಿರ ಸುಳಿಯಲಾಗಲಿಲ್ಲ. ಬೆಳಗ್ಗೆ ಪಟೇಲರು ಬಂದು ನೋಡಿ, ಹೆಣ ತೆಗೆಯಿರಿ ಎಂದು ಹೇಳಿ ಹೋಗಿದ್ದರು.

ಹೊಂಗೆ ಮರದ ಕೆಳಗೆ ಸತ್ತವನ ತಮ್ಮ ಚಿಕ್ಕಮಾದು ನಿಂತಿದ್ದ. ಎರಡೂ ಕೈ ಮೊಣಕೈವರೆಗೆ ಸುಟ್ಟು ಬೊಬ್ಬೆ ಎದ್ದಿದ್ದವು. ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು, ಕಿರುಬೆರಳು ಎರಡೇ. ಆ ಕಥೆ ಕೊಪ್ಪದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಹಾರೆಗೆ ಕೈ ಕೊಡಲು ಬಂದವನಿಗೆ ಚಿಕ್ಕಪ್ಪನಾಗಬೇಕಾದ ಲಿಂಗಯ್ಯ ಅಡ್ಡ ನಿಂತ.

"ನೀ ಅಲ್ಲೇ ಇರು. ಬೆಂಕಿ ಬಿದ್ದಾಗ ಇಲ್ಲಿದ್ದೋನು ನೀನೊಬ್ನೇ."

"ಇಬ್ರು ಬೆಂಕಿ ಇಕ್ಕಿ ಕಬ್ಬಿನ ಗದ್ದೆಗೆ ಬಿದ್ದು ಓಡುದ್ರು ಅಂತ ಯೋಳ್ನಿಲ್ವಾ?"

"ನೀ ಯೋಳ್ದೆ. ಕಂಡೋರು ಯಾರ್ಲಾ?"

ಚಿಕ್ಕಮಾದು ಅತ್ತಿಗೆಯ ಕಡೆ ನೋಡಿದ. ನಿನ್ನೆ ಎಲ್ಲರಿಗಿಂತ ಮೊದಲು ನೀರಿನ ಕೊಡ ಹೊತ್ತು ಓಡಿಬಂದವಳು ದೇವಿರಮ್ಮನೇ. ಆಮೇಲಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಈಗಲೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು.

*

ಅಪ್ಪ ಮುದ್ದಯ್ಯ ಸತ್ತ ವರ್ಷವೇ ಅಣ್ಣತಮ್ಮಂದಿರು ಪಾಲಾದರು. ಗದ್ದೆ, ಎತ್ತು, ಪಾತ್ರೆಪಡಗ ಎಲ್ಲ ಹಂಚಿಹೋಗಿ ಗಾಡಿ ಒಂದು ಉಳಿಯಿತು. ಇಬ್ಬರಿಗೂ ಬೇಕು, ಇಬ್ಬರೂ ಬಿಡರು. ಪಂಚಾಯಿತಿಗೆ ಕೂತವರು ಎಲೆಅಡಿಕೆ ಮೆಲ್ಲುತ್ತ ಯೋಚಿಸುತ್ತಿದ್ದಾಗಲೇ ಮರಿಸಿದ್ದಯ್ಯ ಗರಗಸ ತಂದು ಗಾಡಿಯನ್ನು ನಡುವೆ ಕೊಯ್ದ. "ತಗೊಳ್ಲಾ ನಿನ್ ಪಾಲ," ಎಂದು ಒಂದು ಚಕ್ರವನ್ನು ತಮ್ಮನ ಬಾಗಿಲಿಗೆ ಉರುಳಿಸಿದ. ಅರ್ಧ ಗಾಡಿ ಯಾರ ಕೆಲಸಕ್ಕೂ ಬರಲಿಲ್ಲ.

ಯುದ್ಧ ಶುರುವಾಗಿ ಕಾಳುಕಡ್ಡಿಗೆ ತತ್ವಾರ ಬಂದಾಗ ಅಣ್ಣನ ಪಾಲು ಕೆಲಸಕ್ಕೆ ಬಂತು. ಸರ್ಕಾರಕ್ಕೆ ಅಳೆಯಬೇಕಾದ ಲೆವಿ ಕೊಟ್ಟು ಮಿಕ್ಕ ರಾಗಿಯನ್ನು ಮನೆಯಲ್ಲಿಟ್ಟರೆ ಸರ್ಕಾರದವರ ಕಣ್ಣು, ಕಣದಲ್ಲಿಟ್ಟರೆ ಕಳ್ಳರ ಕಣ್ಣು. ರಸ್ತೆಗೆ ಡಾಂಬರು ಹಾಕಿದವರು ಬಿಸಾಕಿ ಹೋಗಿದ್ದ ಪೀಪಾಯಿಗಳನ್ನು ಮರಿಸಿದ್ದಯ್ಯ ಸೀಳಿ, ಬಡಿದು, ತಗಡು ಮಾಡಿ ಗೋಡೆ ನಿಲ್ಲಿಸಿದ. ಗಾಡಿಯ ಹಲಗೆ ಬಾಗಿಲಾಯಿತು. ಚಕ್ರದ ಕಬ್ಬಿಣದ ಪಟ್ಟಿಯನ್ನು ನೆಟ್ಟಗೆ ಮಾಡಿಸಿ ಬಾಗಿಲ ಕೆಳ ಅಂಚಿಗೆ ಹೊಡೆದು, ಕುಡುಗೋಲಿನ ಹಾಗೆ ಮಸೆದ. ಹಗ್ಗ ಎಳೆದು ಗೂಟಕ್ಕೆ ಕಟ್ಟಿದರೆ ಬಾಗಿಲು ಮೇಲೆ ನಿಲ್ಲುತ್ತಿತ್ತು, ಬಿಚ್ಚಿದರೆ ದಬಕ್ಕನೆ ಬೀಳುತ್ತಿತ್ತು. ಕೊನೆಗೆ ಯಾರಿಗೂ ಕಾಣದಿರಲೆಂದು ಸುತ್ತಲೂ ಮೇಲೂ ಹುಲ್ಲು ಒಟ್ಟಿ ಮೆದೆ ಮಾಡಿದ. ಡಾಂಬರು ಮೆತ್ತಿದ ತಗಡಿಗೆ ಒಣಹುಲ್ಲು ಹೊದಿಸುತ್ತಿದ್ದೇನೆಂದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಆ ಬಾಗಿಲಿಗೆ ಮೊದಲು ಸಿಕ್ಕವನು ಚಿಕ್ಕಮಾದು. ಹೆಂಡತಿ ಹೊಂಬಾಳಮ್ಮ ಹೆತ್ತು ಮಲಗಿದ್ದಳು, ಮನೆಯಲ್ಲಿ ಹಿಡಿ ರಾಗಿ ಇರಲಿಲ್ಲ, ಅಣ್ಣನನ್ನು ಕೇಳಲು ಅವನ ಜಂಬ ಬಿಡಲಿಲ್ಲ. ಮಟಮಟ ಮಧ್ಯಾಹ್ನ ಹಗ್ಗ ಎಳೆದು ಕಟ್ಟಿ, ಒಳಗೆ ಕೈಹಾಕಿದ. ಮೆದೆಯ ಮರೆಯಲ್ಲಿ ಕಾದಿದ್ದ ಮರಿಸಿದ್ದಯ್ಯ ಹಗ್ಗ ಬಿಚ್ಚಿದ.

"ನಾನು ಕಣಣ್ಣ, ಎತ್ತು," ಎಂದು ತಮ್ಮ ಕಿರುಚಿದ.

"ಗೊತ್ತು ಕಣ್ಲಾ," ಎಂದು ಅಣ್ಣ ಬಾಗಿಲ ಮೇಲೆ ಕಾಲಿಟ್ಟು ಒತ್ತಿದ.

ಮೂರು ಬೆರಳು ರಾಗಿಯ ಮೇಲೆ ಬಿದ್ದವು. ಆ ರಾಗಿಯನ್ನು ಜರಡಿ ಹಿಡಿ ಎಂದು ಗಂಡ ಹೇಳಿದರೆ ದೇವಿರಮ್ಮ ಒಯ್ದು ಕಾಲುವೆಗೆ ಸುರಿದಳು. ಅವತ್ತು ಬಿದ್ದ ಏಟಿಗೆ ಅವಳ ಎಡಗಿವಿ ಇನ್ನೂ ಕೇಳಿಸುವುದಿಲ್ಲ.

*

ಬಾಗಿಲು ಕೊನೆಗೂ ಒಳಕ್ಕೆ ಮುರಿದು ಬಿತ್ತು. ಮರಿಸಿದ್ದಯ್ಯ ರಾಗಿ ಚೀಲಗಳ ಮೇಲೆ ಮುದುಡಿ ಕೂತಿದ್ದ, ಕೈಯಲ್ಲಿ ಭರ್ಜಿ ಇತ್ತು. ಬೆನ್ನು ತಗಡಿಗೆ ಅಂಟಿಹೋಗಿತ್ತು. ಬಿಡಿಸಿ ಎತ್ತಿದಾಗ ಚರ್ಮ ಅಲ್ಲೇ ಉಳಿಯಿತು. ಹೆಂಗಸರು ಮುಖ ತಿರುಗಿಸಿಕೊಂಡರು.

ಹೊಲದ ಮೂಲೆಯಲ್ಲಿ ಗುಣಿ ತೋಡಿದರು. ಹೆಣವನ್ನು ಮುಖ ಬಿಟ್ಟು ಬಟ್ಟೆಯಲ್ಲಿ ಸುತ್ತಿ ಅದರ ಅಂಚಿಗೆ ಮಲಗಿಸಿದರು. ಬಾಯಿಗಕ್ಕಿ ಹಾಕಲು ಮರಿಸಿದ್ದಯ್ಯನಿಗೆ ಮಕ್ಕಳಿರಲಿಲ್ಲ. ಲಿಂಗಯ್ಯ ಅಕ್ಕಿಯ ಮೊರಕ್ಕೆ ಕೈಚಾಚಿದ.

"ಒಡಹುಟ್ಟಿದೋನು ನಾನಿವ್ನಿ. ಮೊದ್ಲು ನಾನು ಆಕ್ಬೇಕು," ಎಂದು ಚಿಕ್ಕಮಾದು ಮುಂದೆ ಬಂದ.

"ಸುಟ್ಟೋನ ಕೈಲಿ ಅಕ್ಕಿ ಆಕ್ಸದಾ? ಓಗ್ಲಾ ಅತ್ಲಾಗೆ."

ಚಿಕ್ಕಮಾದು ಹೋಗಲಿಲ್ಲ. ಲಿಂಗಯ್ಯ ಅವನ ಎದೆಗೆ ಒದ್ದ. ಬಿದ್ದವನ ಮೇಲೆ ಇನ್ನಿಬ್ಬರು ಎರಗಿದರು. ಒಬ್ಬ ಗುದ್ದಲಿಯ ಕಾವಿನಿಂದ ಬೆನ್ನಿಗೆ ಬಾರಿಸಿದ. ಚಿಕ್ಕಮಾದು ಸುಟ್ಟ ಕೈಗಳನ್ನು ಹೊಟ್ಟೆಗೆ ಅವುಚಿಕೊಂಡು ಹಸಿಮಣ್ಣಿನ ಮೇಲೆ ಮುದುರಿದ, ಒಂದು ಸಲವೂ ತಿರುಗಿ ಹೊಡೆಯಲಿಲ್ಲ.

"ಬುಡಿ ಅವ್ನ," ಅಂದಳು ದೇವಿರಮ್ಮ. "ಇಬ್ರು ಓಡುದ್ದ ನಾನೂ ಕಂಡೆ. ಒಬ್ಬ ಕುಂಟ್ತಿದ್ದ. ನಮ್ಮೋರು ಒಳಗಿಂದ ತಿವಿದಿದ್ರು."

ಕಾವು ಹಿಡಿದ ಕೈ ಕೆಳಗಿಳಿಯಿತು. "ಮತ್ತೆ ಬೆಳಗಿಂದ ಯಾಕವ್ವ ಸುಮ್ಕಿದ್ದೆ?" ಎಂದು ಲಿಂಗಯ್ಯ ಕೇಳಿದ.

"ಅದ ಯೋಳುದ್ರೆ ಮಿಕ್ಕಿದ್ದೂ ಯೋಳ್ಬೇಕಾಯ್ತದೆ ಮಾವ." ಅವಳು ಹೆಣದ ಕಡೆ ನೋಡಿದಳು. "ಮಾದು ಉರಿಯೋ ಹುಲ್ಲ ಬರಿಗೈಲಿ ಎಳ್ದಾಕಿ ಬಾಗ್ಲು ತಾವ ನುಗ್ದ. ನಾನು ಕಣಣ್ಣ, ತೆಗಿ ಅಂತ ಬಡ್ಕೊಂಡ. ಗೊತ್ತು ಕಣ್ಲಾ, ಸತ್ರೂ ನಿಂಗೆ ತೆಗಿಯಾಕಿಲ್ಲ ಅಂದ್ರು ಇವ್ರು. ನಾನೂ ಕೂಗ್ದೆ. ನನ್ ದನಿಗೂ ತೆಗೀನಿಲ್ಲ."

ಸತ್ತ ಗಂಡನ ಮರ್ಯಾದೆಯನ್ನು ಅವಳು ಬೆಳಗಿನಿಂದ ಸೆರಗಿನೊಳಗೆ ಕಾದಿದ್ದಳು. ಅದೂ ಹೋಯಿತು. ಅವಳು ಲಿಂಗಯ್ಯನ ಕೈಯಿಂದ ಮೊರ ಕಿತ್ತುಕೊಂಡು ಮೈದುನನ ಮುಂದೆ ಹಿಡಿದಳು.

"ಆಕಪ್ಪ," ಅಂದಳು.

ಚಿಕ್ಕಮಾದು ಎದ್ದು, ಬಾಯಿಯ ರಕ್ತ ಒರೆಸಿಕೊಂಡು, ಅಣ್ಣನ ತಲೆಯ ಹತ್ತಿರ ಮಂಡಿಯೂರಿದ. ಬಲಗೈಯಲ್ಲಿ ಅಕ್ಕಿ ಮೊಗೆದ. ಬಾಯಿಯವರೆಗೆ ಒಯ್ಯುವಷ್ಟರಲ್ಲಿ ಬೆರಳಿಲ್ಲದ ಜಾಗದಿಂದ ಅಷ್ಟೂ ಸೋರಿ ಸತ್ತವನ ಎದೆಯ ಮೇಲೆ ಬಿತ್ತು. ಮತ್ತೆ ಮೊಗೆದ, ಮತ್ತೆ ಸೋರಿತು. ಎಡಗೈಯಲ್ಲಿ ಹಾಕು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ದೇವಿರಮ್ಮ ಪಕ್ಕದಲ್ಲಿ ಕೂತು, ಅವನ ಅಂಗೈಯ ಕೆಳಗೆ ತನ್ನ ಕೈ ಕೊಟ್ಟು, ಖಾಲಿ ಜಾಗಕ್ಕೆ ತನ್ನ ಮೂರು ಬೆರಳು ಕೂಡಿಸಿ ಹಿಡಿದಳು. ಅಕ್ಕಿ ನಿಂತಿತು. ಇಬ್ಬರೂ ಸೇರಿ ಅದನ್ನು ಮರಿಸಿದ್ದಯ್ಯನ ತುಟಿಯವರೆಗೆ ತಂದರು.

"ನಾನು ಕಣಣ್ಣ," ಅಂದ ಚಿಕ್ಕಮಾದು.

ಮರಿಸಿದ್ದಯ್ಯ ಹಲ್ಲು ಕಚ್ಚಿಕೊಂಡೇ ಇದ್ದ. ಅಕ್ಕಿ ತುಟಿಯ ಮೇಲೆ ಉಳಿಯಿತು.