ಮೂರನೇ ಕೊಕ್ಕೆಯ ಬಿಲ್ಲೆ

ಆ ಅಗ್ನಿಶಾಮಕ ಠಾಣೆಯಲ್ಲಿ ಬಿಲ್ಲೆಯ ಪದ್ಧತಿ ಶುರುವಾದದ್ದು 1998ರ ದೀಪಾವಳಿಯ ನಂತರ. ಠಾಣಾಧಿಕಾರಿ ನಿಜಗುಣಪ್ಪ ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದು ಬಡಿಗರಿಂದ ಒಂದು ಹಲಗೆ ಮಾಡಿಸಿದರು. ಎರಡಡಿ ಉದ್ದ, ಒಂದಡಿ ಅಗಲ, ಹತ್ತು ಕೊಕ್ಕೆ. ಪ್ರತಿಯೊಬ್ಬನಿಗೂ ಹೆಸರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಹೊಗೆಯೊಳಗೆ ಹೋಗುವವನು ತನ್ನ ಬಿಲ್ಲೆಯನ್ನು ಗಾಡಿಯ ಬಳಿ ನಿಂತವನಿಗೆ ಕೊಡಬೇಕು. ಅವನು ಅದನ್ನು ಕೊಕ್ಕೆಗೆ ಹಾಕಬೇಕು. ಹೊರಗೆ ಬಂದವನು ತನ್ನ ಬಿಲ್ಲೆಯನ್ನು ತನ್ನ ಕೈಯಲ್ಲೇ ವಾಪಸು ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಬಿಲ್ಲೆ ಇದ್ದರೆ ಮನುಷ್ಯ ಒಳಗಿದ್ದಾನೆ ಎಂದು ಅರ್ಥ.

ಮೊದಲ ದಿನ ಎಲ್ಲರಿಗೂ ನಗು.

"ಸಾಹೇಬ್ರ, ಎಲ್ಲಮ್ಮನ ಗುಡ್ಡದಾಗ ಚಪ್ಪಲಿ ಇಟ್ರ ಹಿಂಗ ಬಿಲ್ಲಿ ಕೊಡತಾರ್ರಿ," ಎಂದ ಹಜರತಸಾಬ. ಗುಡ್ಡದ ಕೆಳಗಿನ ಉಗರಗೋಳ ಅವನ ಊರು. "ಚಪ್ಪಲಿ ಕಳದ್ರ ಮಂದಿ ಬ್ಯಾರೇದವರದ ಮೆಟ್ಟಿಕೊಂಡ ಹೋಗತಾರ. ನಾ ಕಳದ್ರ ನೀವ ಯಾರನ್ನ ಕರಕೊಂಡ ಹೋಗತೀರಿ?"

"ನೀ ಕಳೀಬಾರದಂತನ ಮಾಡಸೇನಿ. ಸುಮ್ನ ನಿಂದರು," ಎಂದರು ನಿಜಗುಣಪ್ಪ.

ಹಲಗೆಯ ಜವಾಬ್ದಾರಿ ವಿರೂಪಾಕ್ಷನಿಗೆ ಬಂತು. ಹದಿನಾರು ವರ್ಷದ ನೌಕರಿಯಲ್ಲಿ ಅವನು ಒಮ್ಮೆಯೂ ತಡವಾಗಿ ಬಂದವನಲ್ಲ. ಕೈಗಡಿಯಾರವನ್ನು ದಿನಾ ರೇಡಿಯೋದ ಸಮಯಕ್ಕೆ ಹೊಂದಿಸುತ್ತಿದ್ದ. ಸಾಹೇಬರು ಅವನನ್ನೇ ಆರಿಸಿದ್ದು ಅದಕ್ಕಾಗಿ.

ಠಾಣೆಯಲ್ಲಿ ಇನ್ನೊಂದು ಪದ್ಧತಿ ಬಹಳ ಹಿಂದಿನಿಂದ ಇತ್ತು. ಅದನ್ನು ಯಾರೂ ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ಒಬ್ಬನ ಕೆಲಸವನ್ನು ಇನ್ನೊಬ್ಬ ಮುಗಿಸಿಬಿಡುವುದು. ಮುಂಜಾನೆಯ ಹಾಜರಿಯಲ್ಲಿ ಸವದತ್ತಿ ಬಸ್ಸು ತಡವಾದವನ ಹೆಸರಿಗೆ ಪಕ್ಕದವನು "ಅದಾನ್ರಿ" ಅನ್ನುವುದು. ಅಂಚೆಯವನು ತಂದ ಕಾಗದ, ಧೋಬಿ ತಂದ ಸಮವಸ್ತ್ರ ಎಲ್ಲವನ್ನೂ ಎದುರಿಗೆ ಇದ್ದವನೇ ಎಲ್ಲರ ಪರವಾಗಿ ತೆಗೆದುಕೊಳ್ಳುವುದು. "ಅವಂದ ಅವನ ತಗೋಲಿ" ಎಂದವನಿಗೆ ಅಲ್ಲಿ ದೋಸ್ತರು ಇರುತ್ತಿರಲಿಲ್ಲ.

1999ರ ಮಾರ್ಚ್ 4, ಗುರುವಾರ. ಮಧ್ಯಾಹ್ನ 1 ಗಂಟೆ 52 ನಿಮಿಷಕ್ಕೆ ಫೋನು ಬಂತು. ಸುರೇಬಾನದ ಹತ್ತಿರ ಒಂದು ಹತ್ತಿ ಗೋದಾಮಿಗೆ ಬೆಂಕಿ. ಏಳು ಜನ ಹೊರಟರು: ನಿಜಗುಣಪ್ಪ, ವಿರೂಪಾಕ್ಷ, ಚಾಲಕ, ಸತ್ಯಪ್ಪ, ಹಜರತಸಾಬ, ಇನ್ನಿಬ್ಬರು. 2.39ಕ್ಕೆ ತಲುಪಿದಾಗ ಜ್ವಾಲೆ ಕಾಣುತ್ತಿರಲಿಲ್ಲ. ಹತ್ತಿ ಹಾಗೆಯೇ ಸುಡುವುದು; ಒಳಗೊಳಗೇ ಕೆಂಡವಾಗಿ ಬರೀ ಹೊಗೆ ಬಿಡುತ್ತದೆ. ಗೋದಾಮಿನಲ್ಲಿ ಸುಮಾರು ಇನ್ನೂರು ಬೇಲು ಅರಳೆ, ಮೇಲೆ ತಗಡಿನ ಮಾಡು. ಹಿಂದೆ ಅರವತ್ತು ಗಜ ದೂರದಲ್ಲಿ ಒಂದು ಬಾವಿ. ನಿಜಗುಣಪ್ಪ ಚಿಕ್ಕ ಪಂಪಿನೊಂದಿಗೆ ಬಾವಿಯ ಕಡೆ ಉಳಿದರು. 2.48ಕ್ಕೆ ನಾಲ್ವರು ಒಳಗೆ ಹೋದರು. ವಿರೂಪಾಕ್ಷ ನಾಲ್ಕು ಬಿಲ್ಲೆ ತೆಗೆದುಕೊಂಡು ನಾಲ್ಕು ಕೊಕ್ಕೆಗೆ ಹಾಕಿದ. ಹಜರತಸಾಬನದು ಮೂರನೆಯದು.

3.05ಕ್ಕೆ ಮಾಡಿನ ತೊಲೆ ಸದ್ದು ಮಾಡಿತು. ಹಿಂದಿನಿಂದ ಸಾಹೇಬರ ಸೀಟಿ ಮೂರು ಸಲ ಕೇಳಿಸಿತು: ಎಲ್ಲರೂ ಹೊರಗೆ. ಇಬ್ಬರು ಓಡಿ ಬಂದು ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡು ಬಾವಿಯ ಕಡೆ ಹೋದರು. ನಂತರ ಸತ್ಯಪ್ಪ ಬಂದ. ಕಣ್ಣು ಕೆಂಪು, ಮೂಗಿನಲ್ಲಿ ಕರಿ ಸಿಂಬಳ.

"ನಂದು, ಹಜರತಂದು ಎರಡೂ ಕೊಡೋ," ಎಂದು ಕೈ ಒಡ್ಡಿದ.

"ಅಂವ ಎಲ್ಲೆ?"

"ಹಿಂದನ ಬರಾಕತ್ತಾನ. ಪೈಪ ಬೇಲಿನ ಅಡಿ ಸಿಕ್ಕೈತಿ, ಜಗ್ಗಾಕತ್ತಾನ. ಕೊಡೋ ಮಾರಾಯ, ನಾ ಏನ ಮಾರಿಕೊಂಡ ತಿಂತೇನೇನ?"

ವಿರೂಪಾಕ್ಷ ಎರಡೂ ಕೊಟ್ಟ. ಆಗ 3.07. ಕೊಕ್ಕೆಗಳು ಖಾಲಿಯಾದವು. ಖಾಲಿ ಹಲಗೆಯನ್ನು ನೋಡಿ ಅವನಿಗೆ ಸಮಾಧಾನವಾಯಿತು. ಸತ್ಯಪ್ಪ ಗಾಡಿಯ ಆಚೆ ಬದಿಗೆ ಕಣ್ಣು ತೊಳೆಯಲು ಹೋದ; ಹೊಗೆಯಲ್ಲಿ ಗೋದಾಮಿನ ಬಾಗಿಲು ಕಾಣುತ್ತಿರಲಿಲ್ಲ. 3.09ಕ್ಕೆ ಮಾಡಿನ ಮುಂದಿನ ಭಾಗ ಕುಸಿದು ಬಾಗಿಲು ಮುಚ್ಚಿಹೋಯಿತು. "ದೇವರ ದೊಡ್ಡಾಂವ, ಎಲ್ಲಾರೂ ಹೊರಗ ಅದೇವಿ," ಎಂದು ಅವನೇ ಚಾಲಕನಿಗೆ ಹೇಳಿದ. ಪಂಪಿನ ಗದ್ದಲದಲ್ಲಿ ಚಾಲಕನಿಗೆ ಅದು ಕೇಳಿಸಲಿಲ್ಲ. ಹಜರತಸಾಬ ಬಾವಿಯ ಕಡೆ ಹೋಗಿರಬೇಕು ಎಂದು ಗಾಡಿಯ ಬಳಿ ಇದ್ದ ಮೂವರೂ ತಿಳಿದರು. ಬಾವಿಯ ಕಡೆ ಇದ್ದವರು ಅವನು ಗಾಡಿಯ ಹತ್ತಿರ ಇದ್ದಾನೆ ಎಂದು ತಿಳಿದರು.

ಗೋದಾಮಿನ ಕಾವಲುಗಾರನ ಹೆಂಡತಿ ತಾಯವ್ವ ಒಂದು ಕೊಡ ಮಜ್ಜಿಗೆ, ಬುಟ್ಟಿಯಲ್ಲಿ ಲೋಟ ತಂದಳು. ಹಿಂದಿನವರಿಗೆ ಕೊಟ್ಟು ಮುಂದೆ ಬಂದಳು. ಚಾಲಕ, ಸತ್ಯಪ್ಪ, ವಿರೂಪಾಕ್ಷ ಕುಡಿದರು. ಚಾಲಕ ಲೋಟ ಕೊಟ್ಟು ಪಂಪಿನ ಬಳಿಗೆ ಮರಳಿದ. ಅವಳು ಇನ್ನೊಂದು ಲೋಟ ತುಂಬಿ ಹಿಡಿದು ನಿಂತಳು.

"ಇದ ಯಾರದ್ರಿ ಯಪ್ಪಾ?"

"ಎಲ್ಲಾರದೂ ಆತವ್ವಾ," ಎಂದ ವಿರೂಪಾಕ್ಷ.

"ಹೆಂಗ ಆತ್ರಿ? ಗಾಡಿ ಇಳದಾಗ ಏಳ ಮಂದಿ ಇದ್ರಿ. ಹಿಂದ ಮೂರ ಮಂದಿ ಕುಡದ್ರು. ಇಲ್ಲೆ ಮೂರ ಮಂದಿ. ಆ ಕುರಚಲ ಗಡ್ಡದ ಸಾಬರೆಲ್ಲಿ?"

ವಿರೂಪಾಕ್ಷ ಗಡಿಯಾರ ನೋಡಿದ. ಬೇಕೆಂದು ನೋಡಿದ್ದಲ್ಲ, ಅಭ್ಯಾಸ. 3.24. ಹದಿನೇಳು ನಿಮಿಷ.

ಸತ್ಯಪ್ಪ ಕಿಸೆಗೆ ಕೈ ಹಾಕಿ ಹಜರತಸಾಬನ ಬಿಲ್ಲೆಯನ್ನು ಹೊರಗೆ ತೆಗೆದ. ವಿರೂಪಾಕ್ಷ ಅದನ್ನು ಕಸಿದುಕೊಂಡು ಮೂರನೇ ಕೊಕ್ಕೆಗೆ ಹಾಕಿದ. ಆಮೇಲೆ ಕೂಗಿದ: "ಸಾಹೇಬ್ರ, ಹಲಗಿ ಮ್ಯಾಲ ಒಂದ ಬಿಲ್ಲಿ ಉಳದೈತ್ರಿ! ಹಜರತ ಒಳಗದಾನ!"

ಮೊದಲು ಬಿಲ್ಲೆ, ಆಮೇಲೆ ಕೂಗು. ನಡುವೆ ಎರಡು ಸೆಕೆಂಡು ಹೋಗಿರಬಹುದು. ಮುಂದಿನ ನಾಲ್ಕೂವರೆ ತಿಂಗಳು ವಿರೂಪಾಕ್ಷ ಹೆಚ್ಚು ನೆನೆದದ್ದು ಹದಿನೇಳು ನಿಮಿಷವನ್ನಲ್ಲ, ಈ ಎರಡು ಸೆಕೆಂಡನ್ನು. ಹದಿನೇಳು ನಿಮಿಷ ತಪ್ಪು ತಿಳಿದದ್ದರಿಂದ ಆದದ್ದು. ಎರಡು ಸೆಕೆಂಡು ತಿಳಿದೇ ಮಾಡಿದ್ದು.

ಪಕ್ಕದ ಗೋಡೆಯ ತಗಡನ್ನು ಕೊಡಲಿಯಿಂದ ಸೀಳಿ ಮೊದಲು ಒಳಗೆ ನುಗ್ಗಿದವನು ವಿರೂಪಾಕ್ಷನೇ. ಹಜರತಸಾಬ ಮೂಲೆಯಲ್ಲಿ ಗೋಡೆಗೆ ಒರಗಿ, ಒದ್ದೆಯಾದ ಹೆಗಲ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದ. ಎಚ್ಚರ ಇರಲಿಲ್ಲ. ಬಲಗೈ ಮೊಣಕೈವರೆಗೆ ಸುಟ್ಟಿತ್ತು. 3.31ಕ್ಕೆ ಹೊರಗೆ ತಂದರು. ಉಸಿರಿತ್ತು.

"ಮಾಡ ಬಿದ್ದ ಕೂಡಲೆ ಹಲಗಿ ನೋಡಿದೇನು?" ಎಂದು ಅಂದು ಸಂಜೆ ನಿಜಗುಣಪ್ಪ ವಿರೂಪಾಕ್ಷನನ್ನು ಕೇಳಿದರು. ಕೈಯಲ್ಲಿ ವರದಿಯ ಹಾಳೆ ಇತ್ತು.

"ಕೂಡಲೆ ನೋಡಿದೆರಿ. ಒಳಗ ಹೋಗಾಕ ದಾರಿ ಹುಡುಕಿ, ಸಿಗದಾಗ ನಿಮ್ಮನ್ನ ಕೂಗಿದೆರಿ. ಅದಕ್ಕ ಹೊತ್ತಾತು."

ಸತ್ಯಪ್ಪ ನೆಲ ನೋಡುತ್ತಿದ್ದ. ಸಾಹೇಬರು ಹೋದಮೇಲೆ, "ಅಂವ ಬದುಕ್ಯಾನಲ್ಲ, ಬಿಡು. ಇಬ್ಬರದೂ ನೌಕರಿ ಐತಿ," ಎಂದ. ಬಾಯಿ ಬಿಟ್ಟು ಆಡಿದ ಒಪ್ಪಂದ ಅಷ್ಟೇ.

ಮೂರನೇ ದಿನ ಜಿಲ್ಲೆಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. "ಬಿಲ್ಲೆ ಉಳಿಸಿದ ಜೀವ." ವಿರೂಪಾಕ್ಷ ಎರಡು ಸಲ ಓದಿದ. ದಿನಾಂಕ ಸರಿ, ಬೇಲುಗಳ ಸಂಖ್ಯೆ ಸರಿ, ನೀರಿನ ಲೀಟರು ಸರಿ, ಹೆಸರುಗಳ ಕಾಗುಣಿತ ಕೂಡ ಸರಿ. ವರದಿಗಾರ ಎಲ್ಲವನ್ನೂ ವಿಚಾರಿಸಿ ಬರೆದಿದ್ದ. ಸುಳ್ಳು ಒಂದೇ ಇತ್ತು. ಅದನ್ನು ಅವನಿಗೆ ಕೊಟ್ಟವನು ವಿರೂಪಾಕ್ಷ. ತಾಯವ್ವನನ್ನು ಯಾರೂ ಏನೂ ಕೇಳಿರಲಿಲ್ಲ.

ಹಜರತಸಾಬ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಲವತ್ತೊಂದು ದಿನ ಇದ್ದ. ಅವನು ಮನೆಗೆ ಬಂದ ವಾರದಲ್ಲೇ ಅವನ ಹೆಂಡತಿ ಹಾಜಿರಾಬಿ ವಿರೂಪಾಕ್ಷನ ಮನೆ ಹುಡುಕಿಕೊಂಡು ಬಂದಳು. ಡಬ್ಬಿಯಲ್ಲಿ ಚಪಾತಿ ಪುಡಿಗೆ ಬೆಲ್ಲ ಕಲಸಿದ ಮಾಲ್ದಿ ಇತ್ತು. ವಿರೂಪಾಕ್ಷನ ಹೆಂಡತಿ ಅನ್ನಪೂರ್ಣಾ ಚಾಪೆ ಹಾಸಿದಳು. ಹಾಜಿರಾಬಿ ಕೂರುವ ಮೊದಲೇ ಅಳಲು ಶುರುಮಾಡಿದಳು.

"ಅಣ್ಣಾ, ನೀವ ಆ ಹಲಗಿ ನೋಡಿರಲಿಲ್ಲಂದ್ರ ನನ್ನ ಮಕ್ಕಳಿಗೆ ಅಪ್ಪ ಇರತಿರಲಿಲ್ಲ. ನಮಾಜಿನಾಗ ನಿಮ್ಮ ಹೆಸರ ತಗೋತೇನ್ರಿ."

"ಹಂಗೆಲ್ಲಾ ಅನಬ್ಯಾಡವ್ವಾ," ಎಂದ ವಿರೂಪಾಕ್ಷ. ಅವಳು ಅದನ್ನು ಸಂಕೋಚ ಎಂದು ತಿಳಿದಳು. ಅನ್ನಪೂರ್ಣಾಳೂ ಹಾಗೇ ತಿಳಿದಳು. "ಇವರ ಸ್ವಭಾವನ ಹಂಗವ್ವಾ, ಮಾಡಿದ್ದ ಹೇಳಿಕೊಳ್ಳಾಂಗಿಲ್ಲ," ಎಂದು ಹೆಮ್ಮೆಯಿಂದ ಹೇಳಿದಳು. ಅವನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದ. ಮಾಲ್ದಿ ತಿನ್ನಲಿಲ್ಲ.

ಜುಲೈನಲ್ಲಿ ನಿಜಗುಣಪ್ಪನವರಿಗೆ ಮೇಲಿನಿಂದ ಸೂಚನೆ ಬಂತು: ಈ ಪದ್ಧತಿಯನ್ನು ಸುತ್ತಲಿನ ಸಿಬ್ಬಂದಿಗೂ ಕಲಿಸಿ. 18ರ ಭಾನುವಾರ ರಾಮದುರ್ಗದ ಒಂದು ಶಾಲೆಯ ಮೈದಾನದಲ್ಲಿ ಪ್ರಾತ್ಯಕ್ಷಿಕೆ ಏರ್ಪಾಡಾಯಿತು. ಬೈಲಹೊಂಗಲ, ಕಿತ್ತೂರಿನ ಕಡೆಯಿಂದಲೂ ಜನ ಬಂದು ಒಟ್ಟು ಇಪ್ಪತ್ತೆರಡು ಮಂದಿ ಸೇರಿದರು. ಹಜರತಸಾಬನಿಗೆ ಮುಂದೆ ಕುರ್ಚಿ ಹಾಕಿದ್ದರು. ಅವನಿಗೆ ಈಗ ಫೋನಿನ ಕೆಲಸ; ಹತ್ತು ಹೆಜ್ಜೆ ನಡೆದರೆ ದಮ್ಮು ಬರುತ್ತಿತ್ತು.

"ಇಂವ ಬದುಕಿದ್ದ ಹೆಂಗ ಅಂತ ನೀನ ಹೇಳು," ಎಂದು ನಿಜಗುಣಪ್ಪ ವಿರೂಪಾಕ್ಷನ ಬೆನ್ನು ತಟ್ಟಿದರು. "ಮೊದಲ ಒಂದ ಸಲ ಮಾಡಿ ತೋರಸೂಣು."

ಒಂದು ಖಾಲಿ ಕೋಣೆಯಲ್ಲಿ ಹಸಿ ಹುಲ್ಲಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದರು. ಬೇರೆ ಠಾಣೆಯ ನಾಲ್ವರು ಬಿಲ್ಲೆ ಕೊಟ್ಟು ಒಳಗೆ ಹೋದರು. ಹಲಗೆಯ ಬಳಿ ಲಕ್ಕಪ್ಪ ಎಂಬ ಹೊಸ ನೌಕರ ನಿಂತಿದ್ದ. ಸೀಟಿಯಾಯಿತು. ಮೊದಲು ಹೊರಬಂದವನು ಕೆಮ್ಮುತ್ತಾ ಕೈ ಒಡ್ಡಿದ.

"ನಂದ ಕೊಡು. ಮತ್ತ ಅವಂದೂ ಕೊಡು, ಬರಾಕತ್ತಾನ."

ಲಕ್ಕಪ್ಪ ಎರಡೂ ಕೊಟ್ಟ. ಯಾರೂ ತಡೆಯಲಿಲ್ಲ. ನಿಜಗುಣಪ್ಪ ಗಡಿಯಾರ ನೋಡಿ, "ಶಾಬಾಶ್, ಎರಡ ಮಿನಿಟಿನ್ಯಾಗ ಮುಗಸಿದ್ರಿ," ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಹೊಡೆಯುವವರಲ್ಲಿ ಸತ್ಯಪ್ಪನೂ ಇದ್ದ. ನಡುವೆಯೇ ಅವನ ಕೈ ನಿಂತಿತು.

ವಿರೂಪಾಕ್ಷ ಮುಂದೆ ಬಂದು ನಿಂತ. ತಾನು ಸುಮ್ಮನಿದ್ದರೆ ಈ ಇಪ್ಪತ್ತೆರಡು ಮಂದಿ ಇವತ್ತು ಕಲಿತು ಹೋಗುವುದು ಇದನ್ನೇ ಎಂದು ಅವನಿಗೆ ಹೊಳೆಯಿತು.

"ಈಗ ಮಾಡಿದ್ದ ತಪ್ಪೈತಿ," ಎಂದ. "ಒಬ್ಬಾಂವ ಎರಡ ಬಿಲ್ಲಿ ತಗೊಂಡ. ಎರಡನೇದಾಂವ ಇನ್ನೂ ಒಳಗಿದ್ದ."

"ಏ, ಬರಾಕತ್ತಿದ್ನಲ್ಲ, ಬಿಡ್ರಿ," ಎಂದು ಹಿಂದಿನಿಂದ ಯಾರೋ ನಕ್ಕರು.

"ಹಜರತನೂ ಬರಾಕತ್ತಿದ್ದ." ಅವನ ದನಿ ತಗ್ಗಿತು, ಆದರೆ ನಿಲ್ಲಲಿಲ್ಲ. "ಮೂರು ಏಳಕ್ಕ ನಾ ಅವನ ಬಿಲ್ಲಿ ಬ್ಯಾರೇದಾಂವನ ಕೈಯಾಗ ಕೊಟ್ಟೆ. ಹಲಗಿ ಖಾಲಿ ಆತು. ಮೂರು ಇಪ್ಪತ್ತನಾಕರ ತನಕ ಅವನ್ನ ಯಾರೂ ಹುಡುಕಲಿಲ್ಲ. ಮಜ್ಜಿಗಿ ತಂದ ಹೆಣ್ಣಮಗಳ ಎಣಿಸಿ ಹೇಳಿದ್ಲು, ಒಬ್ಬಾಂವ ಕಡಿಮಿ ಅದಾನಂತ. ಆಮ್ಯಾಲ ನಾ ಬಿಲ್ಲಿ ಮತ್ತ ಕೊಕ್ಕಿಗೆ ಹಾಕಿ ಕೂಗಿದೆ. ಪೇಪರದಾಗ ಬಂದದ್ದ ಸುಳ್ಳು. ಸಾಹೇಬರಿಗೂ ನಾ ಸುಳ್ಳ ಹೇಳೇನಿ."

ವರದಿಯ ಕೆಳಗೆ ನಿಜಗುಣಪ್ಪನವರ ಸಹಿ ಇತ್ತು. ಸತ್ಯಪ್ಪ ಎದ್ದು ನಿಂತು, "ಬಿಲ್ಲಿ ಇಸಗೊಂಡಾಂವ ನಾನರಿ," ಎಂದು ಹೇಳಿ ಮತ್ತೆ ಕುಳಿತ.

ಹಜರತಸಾಬ ಕುರ್ಚಿಯಿಂದ ಏಳಲಿಲ್ಲ.

"ಹದಿನೇಳ ಮಿನಿಟ?" ಎಂದು ಕೇಳಿದ.

"ಹದಿನೇಳು."

"ಮಾಡ ಬಿದ್ದಾಗ ನಾ ಕೂಗಾಕತ್ತಿದ್ದೆ, ವಿರೂಪಾಕ್ಷ. ಇನ್ನೂ ಕೂಗತಿದ್ದೆ, ದನಿ ಇತ್ತು." ಅವನು ಕೆಮ್ಮಿ, ಉಸಿರು ಹಿಡಿದು ಮುಂದುವರಿಸಿದ. "ಆಮ್ಯಾಲ ಅನಿಸ್ತು, ಯಾಕ ಸುಮ್ನ ಹೊಗಿ ನುಂಗಲಿ? ನನ್ನ ಬಿಲ್ಲಿ ಹೊರಗೈತಿ, ಹಲಗಿ ಮುಂದ ವಿರೂಪಾಕ್ಷ ನಿಂತಾನ. ಹಂಗಂತ ಬಾಯಿ ಮುಚಕೊಂಡ ಕುಂತೆ."

ನಿಜಗುಣಪ್ಪ ವಿರೂಪಾಕ್ಷ, ಸತ್ಯಪ್ಪ ಇಬ್ಬರ ಕಡೆ ತಿರುಗಿ, "ನಾಳಿ ಹತ್ತಕ್ಕ ಇಬ್ಬರೂ ನಡದದ್ದ ಬರದ ಕೊಡ್ರಿ. ನಾನೂ ಬರೀತೇನಿ," ಎಂದರು. ಆಮೇಲೆ ಪ್ರಾತ್ಯಕ್ಷಿಕೆಯನ್ನು ಮೊದಲಿನಿಂದ ಮಾಡಿಸಿದರು. ಹಲಗೆಯ ಬಳಿ ವಿರೂಪಾಕ್ಷನನ್ನು ಕರೆಯಲಿಲ್ಲ.

ಹಿಂತಿರುಗುವಾಗ ಹಜರತಸಾಬ ಚಾಲಕನ ಪಕ್ಕದಲ್ಲಿ ಕುಳಿತ. ವಿರೂಪಾಕ್ಷ ಹಿಂದೆ, ಪೈಪುಗಳ ನಡುವೆ. ಮುಂದಿನಿಂದ ಕೆಮ್ಮು ಆಗಾಗ ಕೇಳುತ್ತಿತ್ತು. ಸವದತ್ತಿಯಲ್ಲಿ ಗಾಡಿ ನಿಂತಾಗ ವಿರೂಪಾಕ್ಷ ಇಳಿದು ಮುಂದಿನ ಬಾಗಿಲಿಗೆ ಹೋದ.

"ಹಜರತ."

"ನನಗ ಏನೂ ಹೇಳಬ್ಯಾಡ," ಎಂದ ಹಜರತಸಾಬ, ರಸ್ತೆಯನ್ನೇ ನೋಡುತ್ತಾ. "ಆಕಿಗೆ ಹೇಳು. ದಿನಾ ಐದ ಹೊತ್ತ ನಿನ್ನ ಹೆಸರ ತಗೋತಾಳ. ನಾ ಹೆಂಗ ಹೇಳಲಿ ಆಕಿಗೆ?"

ಉಗರಗೋಳದಲ್ಲಿ ಇಬ್ಬರೂ ಇಳಿದರು. ಹಜರತಸಾಬ ಹೊರಗಿನ ಕಟ್ಟೆಯ ಮೇಲೆ ದಮ್ಮು ತೀರಿಸಿಕೊಳ್ಳಲು ಕುಳಿತ. ಹಾಜಿರಾಬಿ ಬಾಗಿಲಿಗೆ ಬಂದಳು, ವಿರೂಪಾಕ್ಷನನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡು ನಕ್ಕಳು.

"ಬರ್ರಿ ಅಣ್ಣಾ, ಕುಂಡ್ರಿ. ಚಾ ಇಡತೇನಿ."

ಅವಳು ಕುರ್ಚಿ ಸರಿಸಿ ಧೂಳು ಒರೆಸಿದಳು. ವಿರೂಪಾಕ್ಷ ಹೊಸ್ತಿಲ ಹೊರಗೇ ನಿಂತ.

"ಚಾ ಬ್ಯಾಡವ್ವಾ," ಎಂದ. "ಮೊದಲ ನಾ ಹೇಳೂದ ಕೇಳು."