ರಾಶಿಯ ಮೇಲೆ ಬೀಳದ ನೆರಳು

ಬೆಣ್ಣೆ ಸವರುವ ಮೊದಲೇ ಕರಗಿಬಿಟ್ಟಿತು, ಹುಡುಗಿಯ ತೋಳಿಗೆ ಬೆರಳು ತಾಕಿದ್ದಷ್ಟೇ, ನೀರಾಗಿ ಮೊಣಕೈಯತ್ತ ಇಳಿಯಿತು, ರಾಚವ್ವ ಅದನ್ನು ಅಂಗೈಯಲ್ಲಿ ಹಿಡಿದು ಮತ್ತೆ ಮೇಲಕ್ಕೆ ಸವರುತ್ತಾಳೆ — ನಿನ್ನ ಹೇಣ್ತಿ ಏನ್ ಬೆಣ್ಣಿಮುದ್ದಿ ಏನೋ ನಿಜಗುಣಾ, ಬಿಸಲಿಗಿ ಕರಗಾಕ — ಮಗನಿಗೆ ಹಾಗೆ ಅಂದವಳು ತಾನೇ, ಜೋಳದ ರಾಶಿಯ ಮೊದಲ ದಿನ, ಕಣದಲ್ಲಿ, ಕೂಲಿಯವರೆಲ್ಲ ನಕ್ಕಿದ್ದರು, ಈ ಹುಡುಗಿ, ಸೊಸೆ ಕೆಂಚವ್ವ, ಕೂಡ ನಕ್ಕಿದ್ದಳು, ತಲೆ ಬಗ್ಗಿಸಿಕೊಂಡು, ಕೈಯಲ್ಲಿನ ಮೊರ ಬಿಡದೆ. ತೋಳು ಕೆಂಪು, ಕುತ್ತಿಗೆ ಕೆಂಪು, ಹೆಬ್ಬೆರಳು ಒತ್ತಿದಲ್ಲಿ ಮಾತ್ರ ಬಿಳಿ ಗುರುತು, ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಸುತ್ತಲಿನ ಕೆಂಪು ಅದನ್ನು ನುಂಗುತ್ತದೆ. ನೋವಾತೇನವಾ. ಇಲ್ರಿ ಅತ್ತಿ, ತಣ್ಣಗ ಅನಸಾಕ ಹತ್ತೇತಿ. ಸುಳ್ಳು, ಹಲ್ಲು ಕಚ್ಚಿದ್ದು ಕಾಣುವುದಿಲ್ಲವೇ.

ಹೊರಗೆ ಚಕ್ಕಡಿಯ ಸಪ್ಪಳ, ಬೀಗರೇ ಬಂದರೇ, ಅಲ್ಲ, ಯರಗಟ್ಟಿ ಸಂತೆಗೆ ಹೊರಟವರದು, ಬೀಗರು ಬೈಲಹೊಂಗಲದಿಂದ ಬರುವುದು ಬಿಸಿಲು ಇಳಿದ ಮೇಲೆ, ಮಗಳನ್ನು ಉಗಾದಿಗೆ ಕರೆದೊಯ್ಯಲು — ಈ ಮೈ ನೋಡಿದ ಮೇಲೆ ಅವಳಪ್ಪ ಮಡಿವಾಳೆಪ್ಪ ಅವಳನ್ನು ಮತ್ತೆ ಕಳಿಸಿಯಾನೇ, ಅಂಗಡಿಯ ನೆರಳಲ್ಲಿ ಬೆಳೆಸಿದ ಕೂಸು. ಅಳೆಯುವ ತನಕ ರಾಶಿಯ ಮೇಲೆ ನೆರಳು ಬೀಳಬಾರದು, ಈ ಮನೆಯ ನೇಮ, ಧೋತರ ಕಟ್ಟಿ ನೆರಳ ಮಾಡ್ಲೇನ್ರಿ ಎಂದು ಹುಡುಗಿ ಕೇಳಿದಾಗ ಬೇಡವೆಂದದ್ದು ನೇಮಕ್ಕಾಗಿ, ಸರಿ, ಆದರೆ ಕಣದಾಚೆ ಬೇವಿನ ಗಿಡವಿತ್ತಲ್ಲ, ಅವ್ವಾ, ಆಕಿನ್ನ ಗಿಡದ ಬುಡಕರೆ ಕಳಸು ಎಂದು ನಿಜಗುಣಪ್ಪ ಹೇಳಿದನಲ್ಲ, ಅಲ್ಲಿ ಕೂರಬಾರದೆಂದು ಯಾವ ನೇಮ ಹೇಳಿತ್ತು. ಎರಡ ದಿನ ಸುಡತೈತಿ, ಆಮ್ಯಾಲ ಕಪ್ಪಾಗಿ ಗಟ್ಟಿ ಆಗತೈತಿ, ನಮಗೆಲ್ಲಾ ಹಂಗ ಆಗಿದ್ದು — ತಾನದನ್ನು ನಂಬಿಯೇ ಅಂದದ್ದು, ಪೂರ್ತಿ ನಂಬಿ ಅಲ್ಲ, ಒಳಗೆಲ್ಲೋ ಬೇರೆ ಆಸೆ ಇತ್ತು, ತಾನು ಈ ಮನೆಗೆ ಕಾಲಿಟ್ಟ ದಿನ ಅತ್ತೆ ಎಲ್ಲರೆದುರು, ರೊಟ್ಟಿ ಹಂಚಿನ ಕರೀ ತಳಾ ತಂದೀವಿ ನೋಡ್ರಿ ಅಂದಿದ್ದಳು, ಹೆಂಗಸರು ನಕ್ಕಿದ್ದರು, ತಾನೂ ನಕ್ಕಿದ್ದಳು, ತಲೆ ಬಗ್ಗಿಸಿಕೊಂಡು — ಈ ಬೆಳ್ಳನೆಯ ಸೊಸೆ ಒಂದು ಸುಗ್ಗಿಗೆ ತನ್ನಂತಾಗಲಿ ಎಂಬ ಆಸೆ. ಆಗಲಿಲ್ಲ. ಮೊದಲು ಸುಟ್ಟ ಕುತ್ತಿಗೆಯಲ್ಲಿ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳುತ್ತಿದೆ, ಕೆಳಗೆ ಕಪ್ಪಿಲ್ಲ, ಅದೇ ಬಿಳುಪು, ಇನ್ನಷ್ಟು ಎಳೆಯದು. ಬಿಸಿಲು ಬಣ್ಣ ಹಚ್ಚುವುದಿಲ್ಲ, ಒಳಗಿದ್ದದ್ದನ್ನು ಎಬ್ಬಿಸುತ್ತದೆ ಅಷ್ಟೇ, ತನ್ನ ತೊಗಲು ಹುಟ್ಟುವಾಗಲೇ ನೆರಳು ಹೊತ್ತು ಬಂದದ್ದು, ಇಷ್ಟು ಸುಗ್ಗಿಗಳಲ್ಲಿ ಅದರಡಿಯೇ ನಿಂತು ಜೋಳ ತೂರಿದಳು, ಈ ಹುಡುಗಿಗೆ ಆ ನೆರಳಿಲ್ಲ, ಇದ್ದ ಒಂದು ಗಿಡದ ನೆರಳನ್ನೂ ತಾನು —

ಬೀಗರು ಬಂದೇಬಿಟ್ಟರು, ಯಾವಾಗ ಚಕ್ಕಡಿ ನಿಂತಿತೋ, ಕೆಂಚವ್ವನ ತೋಳು ಹಿಡಿದು ಪಡಸಾಲೆಗೆ ಕರೆತಂದಳು, ಮಡಿವಾಳೆಪ್ಪ ಕೈಯಲ್ಲಿನ ತಂಬಿಗೆ ಕೆಳಗಿಟ್ಟ, ಇದೇನ ಮಗಳ, ಯಾರ ಕುಂದರಿಸಿದ್ರ ನಿನ್ನ ಬಿಸಲಾಗ. ನಾನ ಎನ್ನಲು ಬಾಯಿ ತೆರೆದಳು ರಾಚವ್ವ, ಅಷ್ಟರಲ್ಲಿ ಹುಡುಗಿ, ಅತ್ತಿ ಗಿಡದ ಬುಡಕ ಹೋಗಂದ್ರಪ್ಪಾ, ನಾನ ಹಟಾ ಹಿಡದ ಕುಂತಿದ್ನಿ, ಈಗ ನೋಡ, ಬೆಣ್ಣಿ ಎಲ್ಲಾ ನನಗ ಹಚ್ಚಿ ಮಂದಿಗಿ ಒಣಾ ರೊಟ್ಟಿ ಹಾಕಾಕ ಹತ್ಯಾರ. ಅವನು ನಕ್ಕು ಕೈ ಮುಗಿದ, ಇಂಥಾ ಅತ್ತಿ ಸಿಗಬೇಕ್ರಿ ಬೀಗತ್ಯಾರ, ಪುಣ್ಯಾ ಮಾಡ್ಯಾಳ. ಹಬ್ಬಾ ಮುಗಿಸಿ ಬರತೇನ್ರಿ ಅತ್ತಿ ಅಂದಳು ಹುಡುಗಿ, ಬರುತ್ತಾಳೆ, ಬರುತ್ತಾಳಂತೆ, ಈಗಲಾದರೂ ಹೇಳಬೇಕು, ಮುಗಿದ ಕೈಗಳ ಎದುರು ಹೇಗೆ ಹೇಳುವುದು, ಹಿಡಿದ ತೋಳು ಇನ್ನೂ ಬಿಟ್ಟಿಲ್ಲ, ಬಿಟ್ಟಳು — ಹೆಬ್ಬೆರಳ ಬಿಳಿ ಗುರುತು, ಅದರ ಪಕ್ಕ ನಾಲ್ಕೂ ಬೆರಳು, ಕೆಂಪು ಇನ್ನೂ ಬಂದಿಲ್ಲ, ಬರುತ್ತದೆ, ಬಂದಿಲ್ಲ, ಬಿಳಿ, ತನ್ನ ಕೈಯದೇ ಗುರುತು, ಬಿಳಿ —